ಎರಡನೇ ಕಾವು

ಮಾರ್ಚ್ 11, ಮಂಗಳವಾರ

ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುವವನ ಎಡಗಣ್ಣು ಹೋಯಿತು. ಭಾವನನ್ನು ಸಿಗಿದು ಹಾಕಬೇಕು ಅನ್ನಿಸ್ತಿದೆ.

ಪ್ರೆಸ್ಸಿನ ಪಿನ್ನಿಗೆ ಹಾಕಿದ್ದು ಲೇತಿಗೆ ಕೊಟ್ಟರೆ ಬೆಣ್ಣೆ ಕೊಯ್ದ ಹಾಗೆ ಬರೋ ಉಕ್ಕು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಕಲ್ಲಾಗುತ್ತೆ, ಆದರೆ ಗಾಜಿನ ಥರ ಸಿಡಿಯುತ್ತೆ. ಅದಕ್ಕೇ ಇನ್ನೊಮ್ಮೆ ಹದವಾಗಿ ಕಾಯಿಸೋದು. ನಾನು ಊಟಕ್ಕೆ ಹೋದಾಗ ಭಾವ ಆ ಎರಡನೇ ಕಾವು ಕೊಡಿಸದೆ ಪಿನ್ನನ್ನು ಪ್ರೆಸ್ಸಿಗೆ ಹಾಕಿಸಿದ. ಮುರಿದ ತುಂಡು ಪ್ರೆಸ್ಸಿನವನ ಕಣ್ಣಿಗೇ ಹಾರಿತು.

"ಗಟ್ಟಿಯಾಗೇ ಇತ್ತಲ್ಲೋ! ಉಕ್ಕೇ ಕೆಟ್ಟದ್ದು" ಅಂದ ಭಾವ, ಕೈಗೆ ಹತ್ತಿದ್ದ ಪ್ರೆಸ್ಸಿನವನ ರಕ್ತ ಒರೆಸಿಕೊಳ್ಳುತ್ತಾ.

ಮುರಿದುಳಿದ ಪಿನ್ನನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಅವನ ಕಣ್ಣೆದುರೇ ಸುತ್ತಿಗೆಯಿಂದ ಬಾರಿಸಿದೆ. ಒಂದೇ ಏಟಿಗೆ ಚೂರು. ಮತ್ತೆ ಸುತ್ತಿಗೆ ಎತ್ತಿದಾಗ ಗುರಿ ಭಾವನ ನೆತ್ತಿಯಾಗಿತ್ತು. ಅಕ್ಕ ಓಡಿಬಂದು ತೋಳು ಹಿಡಿದಳು. "ನನ್ನ ಮುಖ ನೋಡಿ ಬಿಟ್ಟುಬಿಡೋ."

ಬಿಟ್ಟೆ. ಬೆರಳುಗಳು ಮಾತ್ರ ಇನ್ನೂ ಬಿಚ್ಚುತ್ತಿಲ್ಲ. ಪೆನ್ನನ್ನೂ ಸುತ್ತಿಗೆಯ ಹಾಗೇ ಹಿಡಿದು ಬರೀತಿದ್ದೀನಿ.