ಮ್ಯಾಗ್ನೆಟ್ ಅಂಟಿದ ಜಾಗ

ಜುಲೈ 14, ಸೋಮವಾರ

ಬೆಳಿಗ್ಗೆಯೇ ಕರೆಂಟ್ ಹೋಯಿತು. ಘಾಟಿಯ ಛತ್ರಕ್ಕೆ ವೆಲ್ಡ್ ಮಾಡುತ್ತಿದ್ದ ರೇಲಿಂಗ್ ಅರ್ಧಕ್ಕೆ ನಿಂತಿದೆ. ಊಟದ ಹೊತ್ತಿಗೆ ಕರೆಂಟೂ ಬಂತು, ದಿವ್ಯ ಮೇಡಮ್ಮೂ ಬಂದರು.

ದೇವನಹಳ್ಳಿ ಕಡೆ ಶೆಡ್ ಇಟ್ಟುಕೊಂಡು ದೋಣಿ ಮಾಡಿಸುವವರು ಇವರು. ಮೀನಿನ ದೋಣಿಯಲ್ಲ, ಕೆರೆಯಿಂದ ಅಂತರಗಂಗೆ ಗಿಡ ಕಿತ್ತು ತೆಗೆಯುವ ದೋಣಿ. ಮೈಯೆಲ್ಲ ಅಲ್ಯೂಮಿನಿಯಂ. ಸುತ್ತಲಿನ ರೇಲಿಂಗು, ಹತ್ತುವ ಏಣಿ, ಹಿಂದೆ ಮೋಟರ್ ಕೂರಿಸುವ ಬ್ರಾಕೆಟ್ — ಇಷ್ಟು ನಾವು ಮಾಡಿಕೊಡಬೇಕು. ಅಂಗಡಿಯಲ್ಲಿ ಸಿಗುವ ಮಾಲಲ್ಲ, ಅಳತೆಗೆ ಮಾಡಿಸಬೇಕು.

"ಸ್ಟೀಲಲ್ಲಿ ಮಾಡ್ತೀರೋ ಅಲ್ಯೂಮಿನಿಯಮಲ್ಲೋ, ಶುಕ್ರವಾರದೊಳಗೆ ಹೇಳಿ ಜಯಕುಮಾರ್ ಸರ್."

ನಾನು ಬಾಯಿ ತೆರೆಯುವ ಮೊದಲೇ ಮುನೀಂದ್ರ ಶುರು ಮಾಡಿದ. "ಅಲ್ಯೂಮಿನಿಯಮ್ಮೇ ಮೇಡಂ. ದೋಣೀನೂ ಅದೇ, ಪಾರ್ಟೂ ಅದೇ ಆದ್ರೆ ಒಂದನ್ನೊಂದು ತಿನ್ನಲ್ಲ."

ಶೆಡ್ ನನ್ನದು. ಬೋರ್ಡಿನ ಮೇಲೆ ನನ್ನ ಹೆಸರು. ಪ್ರಶ್ನೆ ಕೇಳಿದ್ದೂ ನನ್ನನ್ನೇ. ಉತ್ತರ ಮಾತ್ರ ಭಾವಮೈದನದು.

ಜುಲೈ 15

ನಿದ್ದೆ ಸರಿಯಾಗಲಿಲ್ಲ. ಯೋಚಿಸಿದಷ್ಟೂ ಸ್ಪಷ್ಟವಾಗುತ್ತಿದೆ. ಅಲ್ಯೂಮಿನಿಯಂ ವೆಲ್ಡಿಂಗ್ ಶೆಡ್ಡಿನಲ್ಲಿ ಮುನೀಂದ್ರ ಒಬ್ಬನಿಗೇ ಗೊತ್ತು. ಹೋದ ವರ್ಷ ಪೀಣ್ಯಕ್ಕೆ ಓಡಾಡಿ ಕಲಿತು ಬಂದ. ನಾನೇ ಕಳಿಸಿದ್ದು, ಆ ಮಾತು ಬೇರೆ. ನನ್ನ ಕೈಗೆ ಸ್ಟೀಲು ಒಗ್ಗಿದೆ, ಅಲ್ಯೂಮಿನಿಯಂ ಹಿಡಿದರೆ ತೂತು ಬೀಳುತ್ತದೆ. ದೋಣಿಯೆಲ್ಲ ಅಲ್ಯೂಮಿನಿಯಂ ಆಯಿತೆಂದರೆ ಶೆಡ್ ನಡೆಯುವುದು ಅವನ ಕೈಯಿಂದ. ಆಮೇಲೆ ಒಂದು ದಿನ ಕೈ ಕೊಡವಿಕೊಂಡು ಹೋದರೆ? ದಿವ್ಯ ಮೇಡಂ ಯಾರ ಹಿಂದೆ ಹೋಗುತ್ತಾರೆ?

ಕಾಫಿ ಕುಡಿಯುವಾಗ ಹೆಂಡತಿ ಪ್ರಮೋದಾಗೆ ಇದನ್ನೇ ಹೇಳಿದೆ. ತಮ್ಮನ ವಿಷಯ ಬಂದರೆ ಇವಳ ಮುಖ ಬೇರೆಯಾಗುತ್ತದೆ.

"ಅವ್ನು ನಕ್ರೂ ನಿಮ್ಗೆ ಅನುಮಾನ, ನಗ್ದಿದ್ರೂ ಅನುಮಾನ. ಬಾಯ್ಬಿಟ್ಟು ಅವನ್ನೇ ಕೇಳ್ಬಾರ್ದಾ?"

ಕೇಳಿದರೆ ಹೇಳುತ್ತಾನೆಯೇ?

ಜುಲೈ 18, ಶುಕ್ರವಾರ

ಸ್ಟೀಲ್ ಎಂದೆ. ಗಟ್ಟಿಯಾಗಿಯೇ ಹೇಳಿದೆ. ಮುನೀಂದ್ರ ಒಪ್ಪಲಿಲ್ಲ. "ಭಾವ, ದೋಣಿ ಇಳ್ಸೋ ಕೆರೇಗ್ ಬರೋದು ಊರ್ ಕೊಳಚೆ ನೀರು. ಶುದ್ಧ ಮಾಡಿ ಬಿಟ್ರೂ ಅದ್ರಲ್ಲಿ ಉಪ್ಪಿರ್ತದೆ. ಸ್ಟೀಲೂ ಅಲ್ಯೂಮಿನಿಯಮ್ಮೂ ತಾಕ್ಕೊಂಡಿದ್ರೆ ದೋಣಿ ತಗಡು ಪುಡಿಪುಡಿ ಆಗ್ತದೆ."

ದಿವ್ಯ ಮೇಡಂ ಫೋನಿನಲ್ಲೇ ಪಂಚಾಯ್ತಿ ಮಾಡಿದರು. ರೇಲಿಂಗು, ಏಣಿ ಅಲ್ಯೂಮಿನಿಯಂ. ಮೋಟರಿನ ಬ್ರಾಕೆಟ್ ಮಾತ್ರ ಸ್ಟೀಲು, ನಡುವೆ ನೈಲಾನ್ ಹಾಳೆ. "ಸ್ಟೀಲು ತ್ರೀ ನಾಟ್ ಫೋರೇ ಆಗಿರ್ಬೇಕು ಸರ್. ಟೂ ನಾಟ್ ಟೂ ಬೇಡ. ಅದು ನೋಡೋಕೆ ಒಂದೇ ಥರ, ನೀರಲ್ಲಿ ಬಾಳಲ್ಲ."

ಮುನೀಂದ್ರ ತಕ್ಷಣ ಒಪ್ಪಿಬಿಟ್ಟ. ಪ್ಲೇಟ್ ತಾನೇ ತರುತ್ತಾನಂತೆ. ಐದು ನಿಮಿಷದ ಹಿಂದೆ ಜಗಳ ಆಡುತ್ತಿದ್ದವನು ಇಷ್ಟು ಬೇಗ ಒಪ್ಪಿದ್ದೇಕೆ?

ಜುಲೈ 26, ಶನಿವಾರ

ಮುನೀಂದ್ರ ಹೋದ ಶನಿವಾರವೂ ಇಲ್ಲ, ಇವತ್ತೂ ಇಲ್ಲ. ಊಟ ಮಾಡಿ ಬೈಕ್ ಹತ್ತಿದವನು ದೀಪ ಹಚ್ಚುವ ಹೊತ್ತಿಗೆ ಬಂದ. ಫೋನ್ ಸ್ವಿಚ್ ಆಫ್. ಪ್ಯಾಂಟಿಗೆ ಮೊಣಕಾಲವರೆಗೆ ಕೆಸರು.

"ಎಲ್ಲಿಗ್ಲಾ ಹೋಗಿದ್ದೆ?"

"ಇಲ್ಲೇ ಭಾವ. ಒಂಚೂರು ಕೆಲ್ಸ ಇತ್ತು."

ರಾಜಘಟ್ಟದ ಕಡೆ ಜಾಗ ಬಾಡಿಗೆಗೆ ಇದೆ ಎಂದು ಮೊನ್ನೆ ಯಾರೋ ಟೀ ಅಂಗಡಿಯಲ್ಲಿ ಹೇಳುತ್ತಿದ್ದರು. ಮಳೆ ಬಿದ್ದ ಖಾಲಿ ಸೈಟಿನಲ್ಲಿ ಓಡಾಡಿದರೆ ಇಂಥದೇ ಕೆಸರು ಅಂಟುತ್ತದೆ. ಸ್ವಂತ ಶೆಡ್. ಅದೇ ಇರಬೇಕು... ಮತ್ತೇನು.

ಆಗಸ್ಟ್ 1, ಶುಕ್ರವಾರ

ಬ್ರಾಕೆಟ್ ಆಯಿತು. ಒಂದೇ ಪ್ಲೇಟು, ಎರಡು ಬೆಂಡು, ಬೋಲ್ಟಿಗೆ ತೂತುಗಳು. ವೆಲ್ಡಿಂಗ್ ಇಲ್ಲ. ಮುನೀಂದ್ರ ಬಫ್ ಹೊಡೆದು ಕನ್ನಡಿ ಮಾಡಿದ್ದಾನೆ. ಕೆಲಸದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ನಿಜ.

ಅವನು ಊಟಕ್ಕೆ ಹೋದಾಗ ಜೇಬಿನಿಂದ ಮ್ಯಾಗ್ನೆಟ್ ತೆಗೆದೆ. ಹಳೆಯ ಸ್ಪೀಕರಿನಿಂದ ಕಿತ್ತದ್ದು. ಅದಿಲ್ಲದೆ ನಾನು ಮಾಲು ಮುಟ್ಟುವುದಿಲ್ಲ. ಒಳ್ಳೆಯ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಅಂಟಿದರೆ ಮೋಸ — ಇದು ದೊಡ್ಡಬಳ್ಳಾಪುರದ ಪಾತ್ರೆ ಅಂಗಡಿಯವರಿಗೂ ಗೊತ್ತು.

ಚಪ್ಪಟೆ ಜಾಗದಲ್ಲಿ ಹಿಡಿದೆ, ಜಾರಿ ಬಿತ್ತು. ಇನ್ನೊಂದು ಕಡೆ, ಜಾರಿ ಬಿತ್ತು. ಬೆಂಡಿನ ಮೇಲೆ ಇಟ್ಟೆ. ನಿಂತಿತು.

ಗಟ್ಟಿಯಾಗಿಯಲ್ಲ, ಬೆರಳು ತಾಕಿದರೆ ಬೀಳುವ ಹಾಗೆ. ಆದರೂ ನಿಂತಿತು. ಇಷ್ಟು ದಿನ ಊಹೆ ಮಾಡುತ್ತಿದ್ದೆ, ಊಹೆಯಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. ಪ್ಲೇಟ್ ತಂದವನು ಅವನು. ಕಳಪೆ ಮಾಲು ತಂದು ನನ್ನ ಹೆಸರಿನಲ್ಲಿ ಕೊಡುತ್ತಿದ್ದಾನೆ. ನಾಳೆ ಮುರಿದರೆ ಕೆಡುವುದು ನನ್ನ ಬೋರ್ಡು.

ಮ್ಯಾಗ್ನೆಟ್ ಜೇಬಿಗೆ ಹಾಕಿಕೊಂಡೆ. ಪ್ರಮೋದಾಗೂ ಹೇಳಲಿಲ್ಲ.

ಆಗಸ್ಟ್ 3, ಭಾನುವಾರ

ಅಕ್ಕ ತಮ್ಮ ಇಬ್ಬರೂ ಹೊಸಕೋಟೆಗೆ ಹೋಗಿದ್ದಾರೆ, ನೆಂಟರ ಮನೆಯ ನಾಮಕರಣಕ್ಕೆ. ನಾನು ಸೊಂಟನೋವು ಎಂದೆ.

ನಿನ್ನೆಯೇ ಬೇರೆ ಪ್ಲೇಟ್ ತಂದಿಟ್ಟಿದ್ದೆ. ಅಂಗಡಿಯವನು ನನ್ನೆದುರೇ ಮ್ಯಾಗ್ನೆಟ್ ಹಿಡಿದು ತೋರಿಸಿದ. ಎಲ್ಲಿಟ್ಟರೂ ಬೀಳುತ್ತಿತ್ತು. "ಕಣ್ಮುಚ್ಕೊಂಡ್ ತಗೊಂಡೋಗಿ ಅಣ್ಣ" ಎಂದ. ನಾನು ಕಣ್ಣು ಬಿಟ್ಟುಕೊಂಡೇ ತಂದೆ.

ಶಟರ್ ಅರ್ಧ ಇಳಿಸಿ ಕೆಲಸ ಮಾಡಿದೆ. ಅದೇ ಡ್ರಾಯಿಂಗ್, ಅದೇ ಬೆಂಡಿಂಗ್ ಮೆಷಿನ್. ಪಕ್ಕ ಪಕ್ಕ ಇಟ್ಟರೆ ಮಾಡಿದವನಿಗೂ ಗುರುತು ಸಿಗಲಾರದು. ಬಗ್ಗಿಸಿದ ಮೇಲೆ ಮತ್ತೆ ಮ್ಯಾಗ್ನೆಟ್ ಹಿಡಿಯುವ ಅಗತ್ಯ ಕಾಣಲಿಲ್ಲ. ನಾನೇ ತಂದದ್ದು, ನಾನೇ ಬಗ್ಗಿಸಿದ್ದು.

ದಿವ್ಯ ಮೇಡಮ್ಮಿಗೆ ಕಳಿಸುವ ಪೆಟ್ಟಿಗೆಯಲ್ಲಿ ನನ್ನದನ್ನು ಇಟ್ಟೆ. ಅವನದನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಬೀರುವಿನ ಮೇಲೆ ಹಿಂದಕ್ಕೆ ತಳ್ಳಿದ್ದೇನೆ. ಸಾಕ್ಷಿ. ಅವನು ಬೇರೆ ಶೆಡ್ ಹಾಕುತ್ತೇನೆ ಎಂದ ದಿನ ಮುಂದಿಡುತ್ತೇನೆ.

ಆಗಸ್ಟ್ 5

ಕುಂದಾಣದ ಕಡೆ ಕೆರೆ. ದೋಣಿ ಇಳಿಸಿದರು. ಕಾಯಿ ಒಡೆದದ್ದು ದಿವ್ಯ ಮೇಡಂ. ಬ್ರಾಕೆಟ್ ಬಿಗಿ ಮಾಡಿದ್ದು ಮುನೀಂದ್ರ, ನೈಲಾನ್ ಹಾಳೆ ಹಾಕಿ ನಾಜೂಕಾಗಿ. ಅವನ ಕಣ್ಣಿಗೆ ಏನೂ ಬೀಳಲಿಲ್ಲ.

ದೋಣಿ ಓಡಿಸುವವನು ಪಿಳ್ಳಣ್ಣ, ಆ ಊರಿನವನೇ, ಮೊದಲು ಮೀನು ಹಿಡಿಯುತ್ತಿದ್ದ. ಮುನೀಂದ್ರನನ್ನು ಕಂಡೊಡನೆ ನಗುತ್ತ ಬಂದು ಹೆಗಲ ಮೇಲೆ ಕೈ ಹಾಕಿದ. ಮೊದಲ ಸಲ ನೋಡುವವರು ಹೀಗೆ ಮಾಡುತ್ತಾರೆಯೇ? ಕೇಳಿದರೆ ಮುನೀಂದ್ರ "ಹಿಂಗೇ ಪರಿಚಯ ಭಾವ" ಎಂದ. ದಿವ್ಯ ಮೇಡಂ ಕಡೆಯ ಜನರನ್ನೆಲ್ಲ ಆಗಲೇ ಕೈಗೆ ಹಾಕಿಕೊಂಡಿದ್ದಾನೆ.

ಆಗಸ್ಟ್ 30, ಶನಿವಾರ

ಮುನೀಂದ್ರ ಮತ್ತೆ ಹೋಗಿದ್ದ. ಮತ್ತೆ ಕೆಸರು. ಅವನು ಕೈ ತೊಳೆಯಲು ಹೋದಾಗ ಬ್ಯಾಗಿನೊಳಗೆ ನೋಡಿದೆ. ತಂತಿಯಲ್ಲಿ ಪೋಣಿಸಿದ ಸ್ಟೀಲ್ ತುಂಡು, ಅಲ್ಯೂಮಿನಿಯಂ ತುಂಡು, ಪಾಚಿ ಹಿಡಿದು ನಾರುತ್ತಿದ್ದವು. ಒಂದು ತುಕ್ಕು ಹಿಡಿದಿತ್ತು. ಯಾರಿಗೆ ತೋರಿಸಲು? ಅರ್ಥವಾಗಲಿಲ್ಲ. ಅರ್ಥವಾಗದ್ದು ಒಳ್ಳೆಯದಕ್ಕಂತೂ ಇರಲಾರದು.

ಅಕ್ಟೋಬರ್ 1, ಆಯುಧಪೂಜೆ

ಮೆಷಿನ್‌ಗಳಿಗೆಲ್ಲ ಕುಂಕುಮ, ಬೂದುಗುಂಬಳ. ಮುನೀಂದ್ರ ತನ್ನ ವೆಲ್ಡಿಂಗ್ ಟಾರ್ಚಿಗೆ ಪುಟ್ಟ ಸೇವಂತಿಗೆ ಹಾರ ತಂದಿದ್ದ. ಮಂಗಳಾರತಿ ಆದ ಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಪ್ರತಿ ವರ್ಷ ಮಾಡುತ್ತಾನೆ. ಈ ವರ್ಷ ಸ್ವಲ್ಪ ಹೊತ್ತು ಹೆಚ್ಚು ಬಗ್ಗಿದ್ದ ಎನ್ನಿಸಿತು.

"ಇನ್ನೆರಡ್ ದೋಣಿ ಬರ್ತವಂತೆ ಭಾವ."

ನನಗೆ ಹೇಳುವ ಮೊದಲು ಅವನಿಗೆ ಹೇಳಿದವರು ಯಾರು?

ಅಕ್ಟೋಬರ್ 14, ಮಂಗಳವಾರ

ಬ್ರಾಕೆಟ್ ಮುರಿದಿದೆ.

ಕೆರೆ ನಡುವೆ. ಬೆಂಡಿನ ಹತ್ತಿರವೇ ಸೀಳಿ, ಮೋಟರ್ ಕಳಚಿಕೊಂಡು ನೀರಿಗೆ ಹೋಗಿದೆ. ಅದರ ಕೇಬಲ್ ಕಾಲಿಗೆ ಸಿಕ್ಕಿ ಪಿಳ್ಳಣ್ಣನೂ ಹೋಗಿದ್ದಾನೆ. ಎಂಥ ಈಜುಗಾರನಾದರೂ ಅಂತರಗಂಗೆ ಬೇರಿನಲ್ಲಿ ಸಿಕ್ಕರೆ ಏನು ಮಾಡುತ್ತಾನೆ. ದಡದಲ್ಲಿದ್ದವರು ಹಗ್ಗ ಎಸೆದು ಎಳೆದಿದ್ದಾರೆ. ಜೀವಕ್ಕೆ ಅಪಾಯವಿಲ್ಲವಂತೆ. ನೀರು ಕುಡಿದಿದ್ದಾನೆ, ಕಾಲು ಕುಯ್ದಿದೆ, ಆಸ್ಪತ್ರೆಯಲ್ಲಿದ್ದಾನೆ.

ಸಂಜೆ ದಿವ್ಯ ಮೇಡಂ ದೋಣಿಯಲ್ಲಿ ಉಳಿದಿದ್ದ ಅರ್ಧ ತುಂಡು ತಂದು ಟೇಬಲ್ ಮೇಲಿಟ್ಟರು. ತುಂಬ ಟೀ ಬಣ್ಣದ ಕಲೆ. ಸೀಳಿದ ಅಂಚು ಕಪ್ಪು. "ಲ್ಯಾಬಿಗೆ ಕಳಿಸ್ಲಾ ಸರ್?" ಎಂದರು. ನನ್ನನ್ನೇ ನೋಡುತ್ತಿದ್ದರು.

ಮುನೀಂದ್ರ ನಡುವೆ ಬಂದ. "ಲ್ಯಾಬ್ ಯಾಕ್ ಮೇಡಂ. ಬಗ್ಸಿದ್ದು ನಾನು, ಬಿಗಿ ಮಾಡಿದ್ದೂ ನಾನು. ಬೆಂಡ್ ಹೊಡೀವಾಗ ಜಾಸ್ತಿ ಒತ್ಬಿಟ್ಟಿದೀನಿ. ತಪ್ಪು ನಂದೇ. ಭಾವಂದೇನೂ ಇಲ್ಲ."

ನಾನು ಮುರಿದ ತುಂಡನ್ನು ಎತ್ತಿ ಡ್ರಾಯರಿನೊಳಗೆ ಹಾಕಿದೆ.

ಅವನು ತನ್ನ ಮೆಷಿನ್ ಆಫ್ ಮಾಡಿ ಗೋಣಿಚೀಲ ಹೊದಿಸಿ ಮನೆಗೆ ಹೋದ.

ಅಕ್ಟೋಬರ್ 15

ಆಸ್ಪತ್ರೆಗೆ ಹೋಗಿ ಬಂದೆ. ಹಣ್ಣು ತೆಗೆದುಕೊಂಡು ಹೋಗಿದ್ದೆ. ನಿಜ ಹೇಳಬೇಕೆಂದರೆ ಪಿಳ್ಳಣ್ಣ ಪೊಲೀಸು ಗಿಲೀಸು ಅನ್ನುತ್ತಾನೋ ಎಂದು ನೋಡಲು ಹೋಗಿದ್ದೆ.

ಅವನು ಕೇಳಿದ್ದು ಮುನೀಂದ್ರನನ್ನು. "ಮುನೀಂದ್ರಣ್ಣ ಯಾಕ್ ಬರ್ಲಿಲ್ಲ? ಪಾಪ, ಬೇಜಾರಾಗಿರ್ತಾನೆ. ಶನಿವಾರ ಶನಿವಾರ ಬರೋನು ಸಾಮಿ. ದೋಣಿ ಬರೋಕ್ ಮುಂಚಿಂದ್ಲೂವೆ. ತಂತೀಲಿ ತುಂಡುಗಳ್ ಕಟ್ಟಿ ನೀರಿಗ್ ಬಿಡೋನು, ವಾರಕ್ಕೊಂದ್ಸಲ ಎತ್ತಿ ನೋಡೋನು. ಯಾಕಪ್ಪಾ ಈ ಒದ್ದಾಟ ಅಂದ್ರೆ, ನಮ್ ಭಾವಂಗೆ ಸ್ಟೀಲೇ ಇಷ್ಟ, ಈ ನೀರಿಗೆ ಯಾವ್ ಸ್ಟೀಲ್ ತಡೀತದೆ ಅಂತ ಗೊತ್ ಮಾಡ್ಕೊಬೇಕು ಅನ್ನೋನು. ಮುಂದಿನ್ ದೋಣಿಗಳ್ನ ಭಾವಂಗೇ ಕೊಡಿಸ್ಬೇಕು ಅಂತಿದ್ದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಭಾವ ತಪ್ ತಿಳ್ಕೊಂತಾರೆ ಅಂದ."

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬಂದೆ.

ಅಕ್ಟೋಬರ್ 16, ಗುರುವಾರ

ಶೆಡ್ಡಿನಲ್ಲಿ ಒಬ್ಬನೇ. ಮುರಿದ ತುಂಡಿನ ಬೆಂಡಿಗೆ ಮ್ಯಾಗ್ನೆಟ್ ಇಟ್ಟೆ. ನನ್ನದಕ್ಕೆ.

ನಿಂತಿತು. ಬೆರಳು ತಾಕಿದರೆ ಬೀಳುವ ಹಾಗೆ. ಅವನದಕ್ಕೆ ನಿಂತಂತೆಯೇ.

ಗುಜರಿಯವನ ಹತ್ತಿರ ಓಡಿದೆ. ಅವರ ಬಳಿ ಒಂದು ಸೀಸೆ ಇರುತ್ತದೆ, ಒಂದು ಹನಿ ಬಿಟ್ಟು ಬ್ಯಾಟರಿ ತಾಕಿಸಿದರೆ ಟೂ ನಾಟ್ ಟೂ ಕೆಂಪಾಗುತ್ತದೆ. ಮ್ಯಾಗ್ನೆಟ್ ವಿಷಯ ಕೇಳಿದ್ದಕ್ಕೆ ನಕ್ಕ. "ಬಗ್ಸಿದ್ ಜಾಗದಲ್ಲಿ ಒಳ್ಳೇ ಸ್ಟೀಲೂ ಒಂಚೂರ್ ಹಿಡೀತದೆ ಗುರು. ಟೂ ನಾಟ್ ಟೂ ಪ್ಲೇಟು ಹಿಡಿಯೋದೇ ಇಲ್ಲ. ಮ್ಯಾಗ್ನೆಟ್ ನಂಬ್ಕೊಂಡ್ ವ್ಯಾಪಾರ ಮಾಡ್ತಾರಾ?"

ಹನಿ ಬಿಟ್ಟ. ನನ್ನ ತುಂಡು ಕೆಂಪಾಯಿತು.

ಮನೆಗೆ ಬಂದು ಬೀರುವಿನ ಮೇಲಿಂದ ಅವನ ಬ್ರಾಕೆಟ್ ಇಳಿಸಿ ಒಯ್ದೆ. ಹನಿ ಹನಿಯಾಗಿಯೇ ಉಳಿಯಿತು. ಬಣ್ಣ ತಿರುಗಲಿಲ್ಲ. ಸೀಸೆ ಹಳೆಯದಿರಬಹುದು ಎಂದುಕೊಂಡೆ. ಇನ್ನೊಂದು ಗುಜರಿಗೆ ಹೋದೆ. ಅಲ್ಲಿಯೂ ಅಷ್ಟೇ.

ಪಿಳ್ಳಣ್ಣನನ್ನು ನೀರಿಗೆ ಕೆಡವಿದ್ದು ನಾನು.

ಅಕ್ಟೋಬರ್ 17

ಹೇಳಲಿಲ್ಲ. ಹೇಳಬೇಕೆಂದು ಮುನೀಂದ್ರನ ಮನೆಯ ಬೀದಿಯವರೆಗೆ ಹೋಗಿ ತಿರುಗಿದೆ.

ಪ್ರಮೋದಾ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಮುನೀಂದ್ರ ಹೊಸಕೋಟೆಯ ಗೋಡೌನಿನಲ್ಲಿ ಲೋಡಿಂಗ್ ನೋಡಿಕೊಳ್ಳುವ ಕೆಲಸಕ್ಕೆ ಹೇಳಿಕೊಂಡಿದ್ದಾನಂತೆ. ಟಾರ್ಚ್ ಹಿಡಿದರೆ ಪಿಳ್ಳಣ್ಣ ನೀರಿನಲ್ಲಿ ಒದ್ದಾಡಿದ್ದು ಕಣ್ಣ ಮುಂದೆ ಬರುತ್ತದೆ, ಇನ್ನು ಮುಟ್ಟುವುದಿಲ್ಲ ಅಂದನಂತೆ.

"ನೀವಾದ್ರೂ ಒಂದ್ಮಾತ್ ಹೇಳಿ. ಯಾರ್ ಮಾತೂ ಕೇಳ್ತಿಲ್ಲ ಅವ್ನು. ಅಷ್ಟು ಚೆನ್ನಾಗ್ ಕೆಲ್ಸ ಮಾಡೋನು, ಹೆಂಗ್ರೀ ತಪ್ಪು ಮಾಡ್ದ?"

ನೋಡೋಣ ಎಂದೆ. ಬೇರೆ ಶೆಡ್ ಹಾಕಿ ಹೋಗಿಬಿಡುತ್ತಾನೆ ಎಂದು ಮೂರು ತಿಂಗಳು ಕಾದೆ. ಈಗ ಕೆಲಸವನ್ನೇ ಬಿಟ್ಟು ಹೋಗುತ್ತಿದ್ದಾನೆ.

ಅಕ್ಟೋಬರ್ 18, ಶನಿವಾರ. ಸಂಜೆ

ಮುನೀಂದ್ರ ಬಂದಿದ್ದಾನೆ. ಹಾಲಿನಲ್ಲಿ ಕೂತಿದ್ದಾನೆ. ಶೆಡ್ಡಿನ ಕೀ ಕೊಡಲು ಬಂದದ್ದು. ನಾನು ತಲೆನೋವು ಎಂದು ರೂಮಿನಲ್ಲಿದ್ದೇನೆ. ಬಾಗಿಲು ಅರ್ಧ ತೆರೆದಿದೆ, ಮಾತೆಲ್ಲ ಕೇಳುತ್ತದೆ.

ಪ್ರಮೋದಾ ದೀಪಾವಳಿ ಹಬ್ಬಕ್ಕೆ ತಂದ ಶರ್ಟು ಕೊಡುತ್ತಿದ್ದಾಳೆ. ಅವನು ಬೇಡ ಅಕ್ಕ ಅನ್ನುತ್ತಾನೆ, ಇವಳು ಬೈಯುತ್ತಾಳೆ. ಲೋಟ ಕೆಳಗಿಟ್ಟ ಸದ್ದು.

ಅವನ ಬ್ರಾಕೆಟ್ ನನ್ನ ಮುಂದಿದೆ. ಪೇಪರ್ ಬಿಚ್ಚಿಟ್ಟಿದ್ದೇನೆ. ಎರಡೂವರೆ ತಿಂಗಳು ಬೀರುವಿನ ಮೇಲಿದ್ದರೂ ಹೊಸದರಂತಿದೆ. ಮುಖ ಕಾಣುತ್ತದೆ, ನೋಡಿಕೊಳ್ಳಲು ಆಗುತ್ತಿಲ್ಲ.

"ಭಾವ, ಕೀ ಟೀವಿ ಮೇಲಿಟ್ಟಿದೀನಿ. ಮಲ್ಕಳಿ, ಏಳ್ಬೇಡಿ."

ಏಳಬೇಡಿ ಅನ್ನುತ್ತಾನೆ.

ಹೇಳಿದರೆ ಇವಳು ನನ್ನ ಮುಖ ನೋಡುತ್ತಾಳೆಯೇ? ದಿವ್ಯ ಮೇಡಂ, ಪಿಳ್ಳಣ್ಣ, ಬೋರ್ಡು... ಹಬ್ಬ ಮುಗಿಯಲಿ, ಸೋಮವಾರ ಕಳೆಯಲಿ, ಆಮೇಲೆ ಸಾವಕಾಶವಾಗಿ ಎಂದು ಒಂದು ಗಂಟೆಯಿಂದ ಬರೆಯುತ್ತಾ ಕೂತಿದ್ದೇನೆ. ಇದೇಕೆ ಇಷ್ಟುದ್ದ ಬರೆಯುತ್ತಿದ್ದೇನೆ? ನನ್ನ ಮೇಲೇ ಅನುಮಾನ ಬರುತ್ತಿದೆ. ಬರೆಯುತ್ತಿದ್ದರೆ ಅಷ್ಟರಲ್ಲಿ ಅವನು ಹೋಗಿಬಿಡುತ್ತಾನೆ ಎಂದೇ ಇರಬೇಕು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ. ಗೇಟಿನ ಚಿಲಕ. ಬೈಕ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗದಿರಲಿ.

ಮುನೀಂದ್ರ, ನಿಲ್ಲೋ, ಆ ಮುರಿದದ್ದು ನಿಂದಲ್ಲ, ನಿಂದು ಇಲ್ಲಿ ನನ್ನ