ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಿ

ರಾಯಚೂರು ಸೀಮೆ
ಫೆಬ್ರವರಿ ಮೂವತ್ತು, ೨೧೯೪

ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಮಕ್ಕಳಿಗೆ,

ತಾರೀಖು ತಪ್ಪಿಲ್ಲ. ಮೇ ತಿಂಗಳು ಯಾರಿಗೂ ಬೇಡವಾಗಿ ಅದರ ಕೆಲವು ದಿನಗಳನ್ನು ಕಿತ್ತು ಫೆಬ್ರವರಿಗೆ ಸೇರಿಸಿದ್ದಾರೆ. ಬಿಸಿಲೇನೂ ಅದರಿಂದ ಕಡಿಮೆಯಾಗಿಲ್ಲ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ದಿನಚರಿ ಬರೆಯುವ ಅಭ್ಯಾಸವಿದೆ, ಕಾಗದ ಬರೆದು ರೂಢಿಯಿಲ್ಲ. ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಇದು ಹಿಂದಂಚೆಯಲ್ಲಿ ಬರುತ್ತದೆ. ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆ ಅದು. ತಲುಪಿತೋ ಇಲ್ಲವೋ ತಿಳಿಯುವುದಿಲ್ಲ, ಅಲ್ಲಿಂದ ಉತ್ತರ ಬರುವ ದಾರಿಯಿಲ್ಲ. ಆದರೂ ಅಂಚೆಮನೆಯ ಮುಂದೆ ಸಾಲು ಇದ್ದೇ ಇರುತ್ತದೆ.

ನಮ್ಮಲ್ಲಿ ಕೆಂಡದಿನಗಳು ಬರುತ್ತವೆ, ಹೊರಗೆ ನಿಂತರೆ ಬಿಸಿಲಿಗೇ ಜೀವ ಹೋಗುವಂಥವು. ಅಂಥ ದಿನ ಬೆಳಿಗ್ಗೆ ಕೊಂಬು ಊದಿದರೆ ಓಣಿಯ ಜನವೆಲ್ಲ ತಂಪುಮನೆಗೆ ಇಳಿಯಬೇಕು. ತಂಪುಮನೆ ಎಂದರೆ ಯಂತ್ರದಿಂದ ತಂಪಾಗಿಡುವ, ನೆಲದೊಳಗಿನ ದೊಡ್ಡ ಸಭಾಂಗಣ. ಮಕ್ಕಳು ಅಲ್ಲೇ ಪಾಠ ಓದುತ್ತಾರೆ, ಗಂಡಸರು ಚೌಕಾಬಾರ ಆಡುತ್ತಾರೆ, ಹೆಂಗಸರು ಜೋಳ ಹಸನು ಮಾಡುತ್ತಾರೆ. ಈ ಮೂಲೆಯಲ್ಲಿ ಹುಟ್ಟಿದ ಚಾಡಿ ಆ ಮೂಲೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅದಕ್ಕೆ ಮೀಸೆ ಬಂದಿರುತ್ತದೆ. ದನ, ಮೇಕೆಗಳಿಗೆ ಪಕ್ಕದಲ್ಲೇ ಕೊಟ್ಟಿಗೆ. ಹೊತ್ತು ಇಳಿಯುವವರೆಗೆ ಜನರನ್ನು ಒಳಗೆ ಕೂರಿಸಿಕೊಂಡಿರುವವರನ್ನು ಸಭೆಗಾರರು ಎನ್ನುತ್ತೇವೆ. ಬಾಗಿಲಿಗೆ ಬೀಗವಿಲ್ಲ. ಬೀಗ ಹಾಕಿದ್ದ ಒಂದೂರಿನಲ್ಲಿ ಜನ ಬಾಗಿಲ ಬಳಿಯೇ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು.

ಸಭೆಗಾರರ ಕೆಲಸಕ್ಕೆ ಮೊದಲು ಎಂಜಿನಿಯರುಗಳನ್ನು ಹಾಕಿದ್ದರು. ಅವರಿಗೆ ಯಂತ್ರ ಗೊತ್ತಿತ್ತು, ಜನ ಎದ್ದು ನಿಂತರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಈಗ ಸಂದರ್ಶನದಲ್ಲಿ ಒಂದೇ ಪ್ರಶ್ನೆ: ಕಾಲೇಜಿನ ಸಾಂಸ್ಕೃತಿಕ ಸಮಿತಿಯಲ್ಲಿ ಏನು ಮಾಡುತ್ತಿದ್ದಿರಿ? ಹಾಡಿದೆ, ಕುಣಿದೆ ಎಂದವರಿಗೆ ಚಹಾ ಕುಡಿಸಿ ಕಳಿಸುತ್ತಾರೆ. ಮುಖ್ಯ ಅತಿಥಿ ಬಾರದಿದ್ದಾಗ ಸಭೆ ಚದುರದಂತೆ ನೋಡಿಕೊಂಡೆ ಎಂದವರಿಗೆ ಕೆಲಸ.

ನನ್ನ ತಂಗಿ ನರಸಮ್ಮನಿಗೆ ಹೀಗೇ ಕೆಲಸ ಸಿಕ್ಕಿತು. ಹಾಡಲು ಬಾರದು ಎಂದು ಕಾಲೇಜಿನಲ್ಲಿ ಅವಳನ್ನು ಕುರ್ಚಿ ಜೋಡಿಸಲು ಹಾಕಿದ್ದರು. ವಾರ್ಷಿಕೋತ್ಸವದ ದಿನ ನಾಟಕದವರು ಬರಲಿಲ್ಲ. ಕಾರ್ಯದರ್ಶಿ ಹುಡುಗ ಮೈಕಿನಲ್ಲಿ "ಕಲಾವಿದರು ಇನ್ನೈದು ನಿಮಿಷದಾಗ ಬರ್ತಾರ" ಎನ್ನುತ್ತಲೇ ಇದ್ದ. ಹಿಂದಿನಿಂದ ಯಾರೋ "ಲೇ, ನಿನ್ನ ಐದು ನಿಮಿಷದಾಗ ನನ್ನ ಗಡ್ಡ ಬೆಳೀತಲೇ" ಎಂದು ಕೂಗಿದ. ಶಿಳ್ಳೆ ಶುರುವಾಯಿತು, ಕಾಗದದ ಉಂಡೆಗಳು ಹಾರಿದವು. ನರಸಮ್ಮ ಮೈಕು ಕಸಿದುಕೊಂಡಳು. "ನಾಟಕದ ಲಾರಿ ಕೆಟ್ಟು ನಿಂತೈತಿ. ಯಾವಾಗ ಬರ್ತದೋ ನಮಗೂ ಗೊತ್ತಿಲ್ಲ. ಹೋಗೋರು ಹೋಗ್ರಿ, ಬ್ಯಾಸರಿಲ್ಲ. ಇರೋರು ನಿಮ್ಮ ನಿಮ್ಮ ಕುರ್ಚಿ ಎತ್ತಿಕೊಂಡು ಮುಂದ ಬರ್ರಿ, ದುಂಡಗ ಕುಂದ್ರೂಣು." ಕೆಲವರು ಹೋದರು. ಉಳಿದವರು ಕುರ್ಚಿ ಹೊತ್ತರು, ಒಗಟು ಹಾಕಿದರು, ಸೋಬಾನೆ ಹಾಡಿದರು. ಲಾರಿ ಬಂದಾಗ ನಾಟಕ ಯಾರಿಗೂ ಬೇಕಿರಲಿಲ್ಲ. ನಿಜ ಹೇಳಬೇಕು, ಕೈಗೆ ಕೆಲಸ ಕೊಡಬೇಕು, ಹೋಗುವ ದಾರಿ ಬಿಟ್ಟಿರಬೇಕು ಎಂದು ಅವಳು ಕಲಿತದ್ದು ಅಂದು.

ಹೋದ ಮೇ ತಿಂಗಳ ಒಂದು ಕೆಂಡದಿನ ಮಧ್ಯಾಹ್ನ ನಮ್ಮ ತಂಪುಮನೆಯ ಯಂತ್ರ ನಿಂತಿತು. ಈಗ ಸರಿಯಾಗುತ್ತದೆ ಎಂದು ಹೇಳುತ್ತಿರಿ ಎಂಬುದು ಮೇಲಿನವರ ಆದೇಶ. ನಾನು ಹಿಂದಿನ ಅಡುಗೆಮನೆಯಲ್ಲಿ ಅಂಬಲಿ ಕಾಸುತ್ತಿದ್ದೆ. ತಂಗಿಯ ದನಿ ಕೇಳಿಸಿತು. "ಯಂತ್ರ ನಿಂತೈತಿ. ಯಾವಾಗ ಸುರು ಆಗ್ತದೋ ಗೊತ್ತಿಲ್ಲ. ಹೊರಗ ಹೋದ್ರ ಜೀವಕ್ಕ ಅಪಾಯ, ಒಳಗ ಕುದಿ ಆದ್ರೂ ತಡಕೋಬಹುದು. ಹೋಗೋರನ್ನ ನಾ ಹಿಡಿಯಂಗಿಲ್ಲ. ಇರೋರು ಚಾದರ ತೋಯಿಸಿ ಕಟ್ರಿ, ಒಬ್ಬರಿಗೊಬ್ಬರು ಗಾಳಿ ಬೀಸ್ರಿ." ಬಾಗಿಲ ಕಡೆ ಹೊರಟಿದ್ದ ಗುಂಪು ನಿಂತು ಚಾದರ ಹುಡುಕಿತು. ಹೊತ್ತು ಮುಳುಗುವವರೆಗೆ ಬೀಸುತ್ತಲೇ ಇದ್ದರು. ಒಳಗಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ, ಕೈಗೂಸು ಕೂಡ.

ಹೊರಗೆ ಹೋದವರು ಒಬ್ಬರೇ, ನನ್ನ ಗಂಡ ಹುಲಿಗೆಪ್ಪ.

"ಮ್ಯಾಕಿ ಕಟ್ಟಿದ್ದು ಕಟ್ಟಿದಂಗ ಬಿಟ್ಟು ಬಂದೀನಿ" ಎಂದು ಪಕ್ಕದವನಿಗೆ ಹೇಳಿ ಎದ್ದರಂತೆ. "ಲಗೂ ಬಾರಪ್ಪಾ" ಎಂದನಂತೆ ಅವನು. ಆ ಮೇಕೆಯನ್ನು ನೆರೆಮನೆಯ ಖಾಜಾಬೀ ಬೆಳಿಗ್ಗೆಯೇ ಬಿಚ್ಚಿ ತಂದು ಕೊಟ್ಟಿಗೆಯಲ್ಲಿ ಕಟ್ಟಿದ್ದಳು. ಅವರು ಎದ್ದಾಗ ಆಕೆ ಇನ್ನೊಂದು ತುದಿಯಲ್ಲಿ ಚಾದರ ಹಿಂಡುತ್ತಿದ್ದಳು. ಸಂಜೆ ನಾವು ಹೋದಾಗ ಅವರು ನಮ್ಮ ಮನೆಯ ಅಂಗಳದಲ್ಲಿ, ಖಾಲಿ ಗೂಟದ ಪಕ್ಕದಲ್ಲಿ ಬಿದ್ದಿದ್ದರು.

ಹೊಸ ಸಭೆಗಾರರಿಗೆ ಈಗ ನರಸಮ್ಮನ ರೀತಿ ಎಂದೇ ಪಾಠ ಮಾಡುತ್ತಾರೆ. ಅವಳು ಮಾತ್ರ ಆಮೇಲೆ ಮೈಕು ಮುಟ್ಟಿರಲಿಲ್ಲ. ಹೋದ ದೀಪಾವಳಿ ಕಳೆದ ಮೇಲೆ ಬಂದು ನನ್ನ ಒಲೆಯ ಮುಂದೆ ಕುಳಿತಳು. "ಅಕ್ಕಾ, ಹಿಡಿಯಂಗಿಲ್ಲ ಅನ್ನೋ ಮಾತು ನಾ ಆಡದಿದ್ರ ಮಾಮಾ ಇರ್ತಿದ್ದ. ನೀ ಬ್ಯಾಡ ಅಂದ್ರ ನಾ ಈ ಕೆಲಸ ಬಿಡ್ತೀನಿ." ಅವಳು ಬಿಟ್ಟರೆ ನಮ್ಮ ಓಣಿಗೆ ಮುಂದಿನ ಬೇಸಿಗೆಗೆ ಸಭೆಗಾರರಿಲ್ಲ. ಆ ಮಾತು ಆಡದಿದ್ದರೆ ಅಂದು ಎಲ್ಲರೂ ಬಾಗಿಲಿಗೆ ನುಗ್ಗುತ್ತಿದ್ದರೆಂಬುದೂ ನನಗೆ ಗೊತ್ತು. ಗೊತ್ತಿದ್ದರೂ ರೊಟ್ಟಿ ಬಡಿಯುತ್ತಾ ಬೇರೇನೋ ಕೇಳಿದೆ. "ಅವತ್ತು ಕಾಲೇಜಿನಾಗ ನಾಟಕಕ್ಕ ಕಾಯದ ಎದ್ದು ಹೋದರಲ್ಲ, ಅವರು ಯಾಕ ಹೋದ್ರು?"

"ಗೊತ್ತಿಲ್ಲಕ್ಕಾ. ನಾವು ಇದ್ದೋರನ್ನ ನೋಡ್ಕೊಂಡ್ವಿ."

ವೇದಿಕೆಗೆ ಒಬ್ಬರು, ಮೈಕಿಗೆ ಒಬ್ಬರು, ಊಟಕ್ಕೆ, ಅತಿಥಿಗಳ ಸ್ವಾಗತಕ್ಕೆ ಒಬ್ಬೊಬ್ಬರು ಇದ್ದರಂತೆ. ಎದ್ದು ಹೋಗುವವರಿಗೆ ಯಾರೂ ಇರಲಿಲ್ಲ. ಓದುವ ವಯಸ್ಸಿನಲ್ಲಿ ಹಂಚಿಕೊಂಡ ಆ ಕೆಲಸಗಳು ಇದ್ದ ಹಾಗೆಯೇ ನಮ್ಮ ತಂಪುಮನೆಗೆ ಇಳಿದು ಬಂದಿವೆ. ಅಲ್ಲಿ ಇದ್ದದ್ದೆಲ್ಲ ಇಲ್ಲಿದೆ, ಅಲ್ಲಿ ಇಲ್ಲದ್ದು ಇಲ್ಲೂ ಇಲ್ಲ.

"ನೀ ಮೈಕ್ ಹಿಡಿ" ಎಂದೆ. "ಬಾಗಿಲಾಗ ನಾ ಕುಂದರ್ತೀನಿ."

ಈ ಸಲ ಕೆಂಡದಿನಗಳು ಬೇಗ ಶುರುವಾಗಿವೆ. ಮೊದಲ ದಿನವೇ ಒಬ್ಬ ಮುದುಕರು ಎದ್ದು ಬಂದರು.

"ಯಾಕ ಹೊಂಟ್ರಿ ಕಾಕಾ?"

"ಒಳಗ ನನ್ನ ಸೊಸಿ ಕುಂತಾಳವ್ವಾ."

"ಹಂಗಾರ ಇಲ್ಲೇ ಕುಂದ್ರಿ. ಇಲ್ಲಿಂದ ಆಕಿ ಕಾಣಂಗಿಲ್ಲ."

ಕುಳಿತರು.

ಮಕ್ಕಳೇ, ನಿಮ್ಮ ಸಮಿತಿಯಲ್ಲೂ ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಿ. ಯಾರನ್ನೂ ತಡೆಯುವುದು ಬೇಡ. ಯಾಕೆ ಹೊರಟಿರಿ ಎಂದು ಕೇಳಲಿ, ಉತ್ತರ ಬರುವವರೆಗೆ ಕಾಯಲಿ. ಈಗ ಕೈಗೆ ಹತ್ತಿದ ರೂಢಿ ನಾಳೆ ನೀವು ಯಾವ ಕೆಲಸಕ್ಕೆ ಹೋದರೂ ಜೊತೆಗೆ ಬರುತ್ತದೆ. ನೀವು ಕಲಿಸಿದವರ ಜೊತೆ, ಅವರು ಕಲಿಸಿದವರ ಜೊತೆ ಬರುತ್ತಾ ಬರುತ್ತಾ ನಮ್ಮ ಕಾಲದವರೆಗೂ ಬಂದರೆ, ಹೋದ ಮೇ ತಿಂಗಳಲ್ಲಿ ನಮ್ಮ ಹುಲಿಗೆಪ್ಪನವರನ್ನು ಯಾರಾದರೂ ಒಂದು ಮಾತು ಕೇಳಿರುತ್ತಾರೆ.

ತಾಯಮ್ಮ