ಎತ್ತಬಾರದಿದ್ದ ಕರೆ

೧೬-೨-೨೦೨೪, ಶುಕ್ರವಾರ, ಜಗಳೂರು

ಏನೇ ಆದರೂ ನಿನ್ನೆ ನಾನು ಫೋನು ಎತ್ತಬಾರದಿತ್ತು. ಸುಡಾನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಮಮತಾ ಯುದ್ಧ ಶುರುವಾದಾಗಲೇ ಹೇಳಿದ್ದಳು: "ಅಪ್ಪಾ, ಇಲ್ಲಿ ಮಾತಾಡಾಕೆ ಸಿಗ್ನಲ್ ನಿಲ್ಲಲ್ಲ. ಒಂದು ರಿಂಗ್ ಬಂದ್ರೆ ಚೆನ್ನಾಗಿದೀನಿ ಅಂತ, ಮೂರು ಬಂದ್ರೆ ತೊಂದ್ರೆ ಐತೆ ಅಂತ. ನೀನು ಮಾತ್ರ ಎತ್ತಬ್ಯಾಡ."

ಎರಡು ವಾರದಿಂದ ಅಲ್ಲಿ ಫೋನ್ ಜಾಲವನ್ನೇ ಕೆಡಿಸಿದ್ದಾರೆ. ಕಾಳಗ ಅವರವರದು, ಬಾಯಿ ಕಟ್ಟಿದ್ದು ಎಲ್ಲರದೂ. ನಿನ್ನೆ ಸಂಜೆ ಶೇಂಗಾ ಸುಲಿಯುತ್ತ ಕೂತಿದ್ದಾಗ, ಅದು ಹೇಗೆ ಸಿಗ್ನಲ್ ಸಿಕ್ಕಿತೋ, ಅವಳ ನಂಬರು ಬಂತು. ಮೊದಲ ರಿಂಗಿಗೇ ಎತ್ತಿಬಿಟ್ಟೆ. "ಅಪ್ಪಾ" ಅಂದಳು, ಅಷ್ಟಕ್ಕೇ ಕಟ್ಟಾಯಿತು. ಇನ್ನೆರಡು ರಿಂಗು ಬರುವುದಿತ್ತೋ ಏನೋ.

ಪಕ್ಕದ ಮನೆಯ ಅಂಜಮ್ಮ ಬೆಳಿಗ್ಗೆ ಬೈದಳು: "ಬ್ಯಾಡ ಅಂದ್ರೂ ಎತ್ತಿದ್ರಲ್ರೀ! ಕಾಲೇಜು ಓದಿ ಮೂರರ ತನಕ ಎಣಿಸಾಕೆ ಬರಲ್ವಾ?"

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ‘ನೋ ನ್ಯೂಸ್ ಈಸ್ ಗುಡ್ ನ್ಯೂಸ್’ ಎಂದು ಬರೆಸಿದ್ದರು. ಗುಡ್ಡೋ ಬೆಟರ್ರೋ, ಸರಿಯಾಗಿ ನೆನಪಿಲ್ಲ. ಅವರ ಮಗಳು ಯುದ್ಧದ ಊರಿನಲ್ಲಿ ಇರಲಿಲ್ಲ.

ನನ್ನವಳು ಬದುಕಿದ್ದಾಗ ಫೋನು ಅವಳ ಮಡಿಲಲ್ಲೇ ಇರುತ್ತಿತ್ತು. ಎತ್ತದೆ ಎಣಿಸುವ ತಾಳ್ಮೆ ಅವಳದು.

ಆ "ಅಪ್ಪಾ" ಅಳುವಿನದೋ, ಯಾಕೆ ಎತ್ತಿದೆ ಎಂಬ ಸಿಟ್ಟಿನದೋ? ಇಡೀ ದಿನ ಅದನ್ನೇ ಕೇಳಿಸಿಕೊಂಡಿದ್ದೇನೆ. ಒಮ್ಮೆ ಹಾಗನಿಸುತ್ತದೆ, ಒಮ್ಮೆ ಹೀಗೆ.

ಇವತ್ತು ಫೋನನ್ನು ಕೈಗೆಟುಕದಂತೆ ನನ್ನವಳ ಫೋಟೋದ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೇನೆ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಲೈಟಿನ ಸ್ವಿಚ್ಚು ಇರುವುದೂ ಅದೇ ಗೂಡಿನ ಪಕ್ಕ. ಎದ್ದು ಹೋದಾಗಲೇ ರಿಂಗಾದರೆ ಈ ಕೈ...